ಕೋಣೆಗೊಂದು ಕೊಳೆ, ಕೊಳೆಗೊಂದು ಮದ್ದು: ಸ್ವಚ್ಛತೆಯಲ್ಲಿ ಗೆಲ್ಲಲು 15 ಸೂತ್ರಗಳು

ಯುಗಾದಿಯೋ ದೀಪಾವಳಿಯೋ ಹತ್ತಿರ ಬಂತೆಂದರೆ ಒಂದೇ ಬಕೆಟ್ಟು, ಒಂದೇ ಬಟ್ಟೆ, ಒಂದೇ ಫಿನಾಯಿಲ್ ಸೀಸೆ ಹಿಡಿದು ಇಡೀ ಮನೆ ಸುತ್ತಿ ಬರುವವರು ನಾವು. ಹಜಾರಕ್ಕೂ ಅದೇ, ಅಡುಗೆಮನೆಗೂ ಅದೇ. ಬಹಳವೆಂದರೆ ದೇವರಮನೆಗೆ ಮಾತ್ರ ಬೇರೆ ಬಟ್ಟೆ. ಸಂಜೆಯ ಹೊತ್ತಿಗೆ ಸೊಂಟ ಬಿದ್ದುಹೋಗಿರುತ್ತದೆ, ನೆಲ ಹೊಳೆಯುತ್ತಿರುತ್ತದೆ, ಮನೆಯೆಲ್ಲ ಘಮಘಮ. ಎಲ್ಲ ಮುಗಿಯಿತು ಎಂದು ಕಾಫಿ ಹಿಡಿದು ಕೂರುತ್ತೇವೆ.

ಮುಗಿದಿರುವುದಿಲ್ಲ. ಪ್ರತಿ ಕೋಣೆಗೂ ಅದರದೇ ಒಂದು ಕೆಲಸವಿದೆ. ಆ ಕೆಲಸವನ್ನು ಕೆಡಿಸುವುದು ಯಾವುದೋ ಅದೇ ಆ ಕೋಣೆಯ ಕೊಳೆ; ಉಳಿದದ್ದು ಕಣ್ಣಿಗೆ ಕಾಣುವ ರಗಳೆ ಮಾತ್ರ. ಒಂದು ಕೋಣೆಯನ್ನು ಉಳಿಸುವ ನೀರು ಇನ್ನೊಂದನ್ನು ಹಾಳುಮಾಡುತ್ತದೆ. ಒಂದಕ್ಕೆ ಗಾಳಿ ಒಳಗೆ ಬರಬೇಕು, ಪಕ್ಕದ್ದಕ್ಕೆ ಬರಲೇಬಾರದು. ಇದಿಷ್ಟು ತಿಳಿದರೆ ದುಡಿಮೆ ಅರ್ಧಕ್ಕರ್ಧ ಇಳಿಯುತ್ತದೆ, ಫಲ ಹೆಚ್ಚುತ್ತದೆ.

1. ಪೊರಕೆ ಹಿಡಿಯುವ ಮುನ್ನ ಕೋಣೆಯ ಕಸುಬು ಕೇಳಿ

ಇಲ್ಲಿ ಏನು ನಡೆಯುತ್ತದೆ? ಅದನ್ನು ಕೆಡಿಸುವುದು ಯಾವುದು? ಮೊದಲು ಈ ಎರಡಕ್ಕೆ ಉತ್ತರ ಹುಡುಕಿ. ಅಡುಗೆಮನೆಗೆ ರೋಗಾಣು ವೈರಿ, ಬಚ್ಚಲಿಗೆ ತೇವ, ಮಲಗುವ ಕೋಣೆಗೆ ದೂಳು, ಹಳೆಯ ಪುಸ್ತಕದ ಕೋಣೆಗೆ ನೀರು, ಉಪಗ್ರಹ ಜೋಡಿಸುವ ಕೋಣೆಗೆ ಮನುಷ್ಯ. ಹೌದು, ಮನುಷ್ಯನೇ. ಅದು ಹೇಗೆಂದು ಮುಂದೆ ಹೇಳುತ್ತೇನೆ.

2. ಅಡುಗೆಮನೆಯಲ್ಲಿ ನೆಲ ಆಮೇಲೆ, ಮಸಿಬಟ್ಟೆ ಮೊದಲು

ಒಲೆಯಿಂದ ಬಿಸಿ ಪಾತ್ರೆ ಇಳಿಸಲು ಮಸಿಬಟ್ಟೆ, ಚೆಲ್ಲಿದ ಹಾಲು ಒರೆಸಲು ಅದೇ, ಕಟ್ಟೆ ಒರೆಸಲು ಅದೇ, ಅವಸರದಲ್ಲಿ ತೊಳೆದ ತಟ್ಟೆ ಒರೆಸಲೂ ಅದೇ. ದಿನವಿಡೀ ಒದ್ದೆ, ದಿನವಿಡೀ ಬೆಚ್ಚಗೆ, ದಿನವಿಡೀ ಅನ್ನದ ಅಗುಳು. ಬ್ಯಾಕ್ಟೀರಿಯಾಗೆ ಇದಕ್ಕಿಂತ ಸುಖದ ಮನೆ ಬೇಕೆ? ಪಾತ್ರೆ ಉಜ್ಜುವ ಸ್ಪಂಜಿನ ಕತೆಯೂ ಇಷ್ಟೇ. ಜರ್ಮನಿಯ ಸಂಶೋಧಕರು 2017ರಲ್ಲಿ ಬಳಸಿದ 14 ಸ್ಪಂಜುಗಳನ್ನು ಪರೀಕ್ಷಿಸಿದಾಗ, ಕೆಲವು ಕಡೆ ಒಂದು ಘನ ಸೆಂಟಿಮೀಟರಿನಲ್ಲಿ 5,000 ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ ಸಿಕ್ಕವು. ಆಗಾಗ ಬಿಸಿನೀರಿನಲ್ಲಿ ಶುದ್ಧಮಾಡುತ್ತಿದ್ದೆವು ಎಂದ ಮನೆಗಳ ಸ್ಪಂಜುಗಳಲ್ಲೂ ಸಂಖ್ಯೆ ಕಡಿಮೆಯಿರಲಿಲ್ಲ. ಎಲ್ಲವೂ ರೋಗ ತರುವಂಥವಲ್ಲ. ಆದರೂ ಅದರಲ್ಲೇ ಮಗುವಿನ ಹಾಲಿನ ಲೋಟ ಉಜ್ಜಬೇಕೇ?

ಮಸಿಬಟ್ಟೆ ನಾಲ್ಕೈದು ಇಟ್ಟುಕೊಳ್ಳಿ. ದಿನಕ್ಕೊಂದು ತೆಗೆದು, ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿಗೆ ಹರವಿ. ಸ್ಪಂಜು ಹಳತಾದರೆ ಎಸೆಯಿರಿ, ಅದರ ಮೇಲೆ ಮಮಕಾರ ಬೇಡ. ತೆಂಗಿನ ನಾರಿಗೆ ಬೇಗ ಒಣಗುವ ಗುಣವಿದೆ. ಅಜ್ಜಿಯರು ಅದನ್ನು ಬಿಡದೆ ಇದ್ದದ್ದು ಒಳ್ಳೆಯದೇ ಆಯಿತು.

ಮಾಂಸದ ಅಡುಗೆಯಿದ್ದರೆ ಇನ್ನೊಂದು ಮಾತು. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ಸಿಡಿಯುವ ಹನಿ ಪಕ್ಕದಲ್ಲಿಟ್ಟ ಕೊತ್ತಂಬರಿ ಸೊಪ್ಪಿನ ಮೇಲೆ ಕೂರುತ್ತದೆ. ಕೋಳಿ ಬೇಯುತ್ತದೆ, ಕೊತ್ತಂಬರಿ ಬೇಯುವುದಿಲ್ಲ. ತೊಳೆಯಲೇಬೇಕೆನ್ನುವವರು ಪಾತ್ರೆಯ ನೀರಿನಲ್ಲಿ ಮುಳುಗಿಸಿ ನಿಧಾನವಾಗಿ ತೊಳೆಯಲಿ. ಹಸಿ ಮಾಂಸದ ಚಾಕು, ಹಲಗೆಯನ್ನು ಸೋಪು ಹಾಕಿ ತೊಳೆಯದೆ ಸೌತೆಕಾಯಿ ಮುಟ್ಟಬೇಡಿ.

3. ಗಡಿಯಾರವೂ ಅಡುಗೆಮನೆಯ ಪೊರಕೆಯೇ

5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಯವರೆಗೆ ರೋಗಾಣುಗಳಿಗೆ ಸುಗ್ಗಿ. ಬೇಯಿಸಿದ ಪದಾರ್ಥವನ್ನು 2 ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಈ ನಿಯಮ ಮುರಿಯುವುದು ಮುಖ್ಯವಾಗಿ ಅನ್ನದ ಪಾತ್ರೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೆಂದರೂ ಸಾಯುವುದಿಲ್ಲ. ರಾತ್ರಿ ಒಲೆಯ ಪಕ್ಕ ಮುಚ್ಚಿಟ್ಟ ಅನ್ನದಲ್ಲಿ ಅವು ಮೊಳೆತು ವಿಷ ಬಿಡುತ್ತವೆ. ಬೆಳಿಗ್ಗೆ ಒಗ್ಗರಣೆ ಎಷ್ಟೇ ಜೋರಾಗಿ ಚಟಪಟ ಎಂದರೂ ವಾಂತಿ ತರಿಸುವ ಆ ವಿಷ ಹೋಗುವುದಿಲ್ಲ. ಚಿತ್ರಾನ್ನ ಬಿಡಿ ಎನ್ನುತ್ತಿಲ್ಲ. ಬಿಟ್ಟರೆ ಬೆಳಗಿನ ತಿಂಡಿಗೆ ಗತಿಯೇನು? ಉಳಿದ ಅನ್ನವನ್ನು ತಟ್ಟೆಯಲ್ಲಿ ಹರವಿ ಆರಿಸಿ, 2 ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಅಷ್ಟೇ.

4. ಹೋಟೆಲನ್ನು ಅಳೆಯುವುದಾದರೆ ಹಿಂಬದಿ ನೋಡಿ

ಮುಂಬಾಗಿಲ ಗಾಜು, ದೀಪ, ಸಮವಸ್ತ್ರ ಯಾವುದೂ ಲೆಕ್ಕಕ್ಕಿಲ್ಲ. ತಟ್ಟೆ ತೊಳೆಯುವ ಜಾಗ ಮತ್ತು ಮೇಜು ಒರೆಸುವ ಬಟ್ಟೆ, ಇವೆರಡು ನೋಡಿದರೆ ಹೋಟೆಲಿನ ಜಾತಕ ತಿಳಿಯುತ್ತದೆ. 1924ರಲ್ಲಿ ಶುರುವಾದ ಬೆಂಗಳೂರಿನ ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿಬಂದರು. ಬಂದವರೇ ತಟ್ಟೆ, ಲೋಟ, ಚಮಚಗಳನ್ನು ಹಬೆಯಲ್ಲಿ ಶುದ್ಧಮಾಡುವ ವ್ಯವಸ್ಥೆ ತಂದರು. ಗಿರಾಕಿಗಳು ಅಡುಗೆಮನೆಯನ್ನು ಹಾದೇ ಒಳಗೆ ಬರುವಂತೆ ಮಾಡಿದರು. ಯಾವ ಹೋಟೆಲಿನವರಾದರೂ ಎದೆತಟ್ಟಿ ಮಾಡಬಹುದಾದ ಜಾಹೀರಾತು ಇದೊಂದೇ, ಖರ್ಚೂ ಇಲ್ಲ. ನೀವು ಮೆಸ್ಸೋ ಕೇಟರಿಂಗೋ ನಡೆಸುವವರಾದರೆ ಅಡುಗೆಮನೆಯ ಬಾಗಿಲು ತೆರೆದಿಡಿ. ನೋಡುವವರಿದ್ದರೆ ಕೆಲಸ ತಾನಾಗಿ ಸರಿಹೋಗುತ್ತದೆ.

5. ಉಪ್ಪಿನಕಾಯಿ ಜಾಡಿಯ ಶಿಸ್ತನ್ನು ಉಳಿಸಿಕೊಳ್ಳಿ

ಮುಸುರೆ ಕೈಯಲ್ಲಿ ಜಾಡಿ ಮುಟ್ಟಬಾರದು, ಒದ್ದೆ ಸೌಟು ಹಾಕಬಾರದು, ಎಂಜಲು ಲೋಟ ಕೊಡಪಾನಕ್ಕೆ ಅದ್ದಬಾರದು. ಇವುಗಳಿಗೆ ಹಿಂದಿನವರು ಕೊಟ್ಟ ಕಾರಣ ಏನೇ ಇರಲಿ, ಫಲ ಮಾತ್ರ ಸರಿಯಾಗಿಯೇ ಇತ್ತು. ಒಂದು ತೊಟ್ಟು ನೀರು, ನಾಲ್ಕು ಅಗುಳು ಒಳಗೆ ಹೋದರೆ ವರ್ಷದ ಮಾವಿನ ಮಿಡಿಗೆ ಬೂಸಲು ಹಿಡಿಯುತ್ತದೆ. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ಹೊಸ್ತಿಲ ಹೊರಗೆ ನಿಲ್ಲಿಸಿದ್ದನ್ನು ಬಿಸಾಡಿ. ಒಣ ಸೌಟನ್ನು ಇಟ್ಟುಕೊಳ್ಳಿ.

6. ಬಚ್ಚಲನ್ನು ತೊಳೆಯುವುದಕ್ಕಿಂತ ಒಣಗಿಸುವುದು ಮುಖ್ಯ

ಬೆಳಿಗ್ಗೆ ಉಜ್ಜಿ ತೊಳೆದ ಬಚ್ಚಲು ಸಂಜೆಯವರೆಗೂ ಒದ್ದೆಯಾಗಿದ್ದರೆ ಪಾಚಿ, ಬೂಸಲು, ಜಾರುವ ನೆಲ ಮೂರೂ ಉಚಿತ. ಸ್ನಾನ ಮುಗಿಸಿದವರು ವೈಪರಿನಲ್ಲಿ ನೀರು ದೂಡಿ, ಕಿಟಕಿ ತೆರೆದು ಹೊರಬರಲಿ. ಕೊನೆಗೆ ಸ್ನಾನಕ್ಕೆ ಹೋಗುವವರು ಸಾಮಾನ್ಯವಾಗಿ ಅಮ್ಮಂದಿರು. ಈ ಕೆಲಸ ಅವರ ಪಾಲಿಗೆ ಬಿಡಬೇಡಿ.

ಫಳಫಳ ಹೊಳೆಯುವ ಬಚ್ಚಲೂ ಜೀವ ತೆಗೆಯಬಲ್ಲದು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತು ಎನ್ನುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಬಚ್ಚಲಿನ ಸ್ವಚ್ಛತೆಯಲ್ಲಿ ಗಾಳಿಗೇ ಮೊದಲ ಅಂಕ. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ ಹಾಕಿಸಿ.

7. ಎರಡು ಸೀಸೆ ಬೆರೆಸಬೇಡಿ, ಹಾಕಿದ್ದನ್ನು ತಕ್ಷಣ ಒರೆಸಬೇಡಿ

ಪಾಯಖಾನೆಗೆ ಸುರಿಯುವ ಆ್ಯಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ ಬಳಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಎರಡನ್ನೂ ಸೇರಿಸಿದರೆ ಕೊಳೆ ಇನ್ನೂ ಚೆನ್ನಾಗಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಸೀಸೆಗಳನ್ನು ಅವರ ಕೈಯಿಂದ ಕಿತ್ತುಕೊಳ್ಳಿ.

ಕ್ರಮ ಇಷ್ಟು: ಮೊದಲು ಸೋಪುನೀರಿನಲ್ಲಿ ಕೊಳೆ ತೆಗೆಯಬೇಕು, ಆಮೇಲೆ ರೋಗಾಣುನಾಶಕ ಹಾಕಬೇಕು. ಕೊಳೆಯ ಮೇಲೇ ಬ್ಲೀಚಿಂಗ್ ಪೌಡರ್ ಎರಚಿದರೆ ಅದರ ಶಕ್ತಿಯೆಲ್ಲ ಕೊಳೆಯೊಡನೆ ಗುದ್ದಾಡುವುದರಲ್ಲೇ ಮುಗಿಯುತ್ತದೆ. ಹಾಕಿದ ಮೇಲೆ 10 ನಿಮಿಷ ಬಿಡಿ. ಡಬ್ಬದ ಮುಚ್ಚಳ ಬಿಗಿಯಾಗಿರಲಿ. ತೆರೆದಿಟ್ಟ ಬ್ಲೀಚಿಂಗ್ ಪೌಡರ್ ದಿನಗಳೆದಂತೆ ಬರೀ ಬಿಳಿ ಪುಡಿಯಾಗುತ್ತದೆ. ಅಮೃತಶಿಲೆಗೆ ನಿಂಬೆ, ವಿನೆಗರ್, ಆ್ಯಸಿಡ್ ಯಾವುದೂ ಬೇಡ. ಆ ಕಲ್ಲು ಆಮ್ಲಕ್ಕೆ ಕರಗುತ್ತದೆ, ಪಾಲಿಶ್ ಮಾಡಿಸದೆ ಹೊಳಪು ಮತ್ತೆ ಬರುವುದಿಲ್ಲ.

ಫಿನಾಯಿಲ್ ವಾಸನೆಗೆ ಮರುಳಾಗಬೇಡಿ. ವಾಸನೆ ಮೂಗಿಗೆ ಕೊಡುವ ಸಮಾಧಾನ, ಅಷ್ಟೇ.

8. ಮಲಗುವ ಕೋಣೆಗೆ ಬಿಸಿಲೇ ದೊಡ್ಡ ಆಳು

ಹಾಸಿಗೆ, ದಿಂಬುಗಳಲ್ಲಿ ದೂಳುನುಸಿಗಳಿರುತ್ತವೆ. ಉದ್ದ ಸುಮಾರು 0.3 ಮಿಲಿಮೀಟರ್, ಊಟ ನಮ್ಮ ಚರ್ಮದ ಹೊಟ್ಟು. ಅವುಗಳ ಹಿಕ್ಕೆಯೇ ಹಲವರ ಬೆಳಗಿನ ಸೀನಿಗೆ, ಉಬ್ಬಸಕ್ಕೆ ಕಾರಣ. ಗಾಳಿಯ ತೇವ ಶೇ. 50ಕ್ಕಿಂತ ಕೆಳಗಿಳಿದರೆ ಅವು ಬದುಕಲಾರವು. ಮಂಗಳೂರು, ಕಾರವಾರದವರಿಗೆ ಇದು ದೂರದ ಮಾತು. ಅಲ್ಲಿಯವರು ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುವುದೇ ಲೇಸು. ಬಯಲುಸೀಮೆಯವರು ಹಾಸಿಗೆಯನ್ನು ತಾರಸಿಗೆ ಹೊತ್ತು ಹಾಕಿ, ಮಧ್ಯಾಹ್ನದ ಬಿಸಿಲು ಕುಡಿಸಿ, ಬಡಿದು ಕೊಡವಿ.

ಒಣ ಪೊರಕೆಯಲ್ಲಿ ಜೋರಾಗಿ ಗುಡಿಸಿದರೆ ದೂಳು ಜಾಗ ಬದಲಿಸುತ್ತದೆಯೇ ಹೊರತು ಮನೆ ಬಿಡುವುದಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲೇ ಈ ವಿಷಯಕ್ಕೆ ಸಿಡುಕಿದ್ದಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಮಂಚದ ಕೆಳಗಿನ ಸೂಟ್‌ಕೇಸುಗಳನ್ನು ವರ್ಷಕ್ಕೊಮ್ಮೆಯಾದರೂ ಮಾತಾಡಿಸಿ.

9. ದೇವರಮನೆಯ ಹೊಗೆಗೆ ದಾರಿ ಬಿಡಿ

ಹಿತ್ತಾಳೆ, ತಾಮ್ರದ ದೀಪಗಳಿಗೆ ಹುಣಸೆಹಣ್ಣೇ ಸಾಕು; ಅದರ ಹುಳಿ ಲೋಹದ ಕಿಲುಬನ್ನು ಕರಗಿಸುತ್ತದೆ. ತೊಳೆದ ಮೇಲೆ ಒರೆಸಿ ಒಣಗಿಸದಿದ್ದರೆ ಮರುದಿನವೇ ಮತ್ತೆ ಮಂಕು. ಕಿಟಕಿಯಿಲ್ಲದ ಪುಟ್ಟ ಗೂಡಿನಲ್ಲಿ ಕರ್ಪೂರ, ಊದುಬತ್ತಿ ಒಟ್ಟಿಗೆ ಉರಿಸಿದರೆ ಶ್ವಾಸಕೋಶಕ್ಕಿಳಿಯುವ ಸೂಕ್ಷ್ಮ ಕಣಗಳು ತುಂಬಿಕೊಳ್ಳುತ್ತವೆ. ಮನೆಯಲ್ಲಿ ಉಬ್ಬಸದವರಿದ್ದರೆ ಹೂವು, ದೀಪ ಇಷ್ಟಕ್ಕೆ ನಿಲ್ಲಿಸಿ, ದೇವರು ಬೇಸರಪಡುವುದಿಲ್ಲ. ನಿನ್ನೆಯ ಹೂವನ್ನು ಇವತ್ತು ತೆಗೆಯಿರಿ.

10. ಉಗ್ರಾಣಕ್ಕೆ ಒಣ ನೆಲ, ಹಗೇವಿಗೆ ಎಚ್ಚರ

ಧಾನ್ಯದ ಕೋಣೆಯಲ್ಲಿ ನೀರು ಹಾಕಿ ಒರೆಸುವುದೇ ತಪ್ಪು. ಗುಡಿಸಿ, ಮೂಲೆಯ ಹಳೆಯ ಕಾಳು ತೆಗೆದು, ಚೀಲಗಳನ್ನು ಗೋಡೆಯಿಂದ ದೂರ, ಮರದ ಹಲಗೆಯ ಮೇಲಿಡಿ. ಹಳೆಯ ಚೀಲದ ಹೊಲಿಗೆಯಲ್ಲಿ ಅಡಗಿದ ಹುಳ ಹೊಸ ರಾಗಿಗೆ ದಾಟುತ್ತದೆ. ಚೀಲಗಳನ್ನೂ ಬಿಸಿಲಿಗೆ ಹಾಕಿ.

ಹಳೇ ಮೈಸೂರಿನ ಕಡೆಯ ಹಗೇವು ಇನ್ನೂ ಸೋಜಿಗ. ನೆಲದೊಳಗಿನ ಆ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಹುಳ ಹಿಡಿಯದೆ ಉಳಿಯುತ್ತಿದ್ದದ್ದು ಒಳಗೆ ಆಮ್ಲಜನಕ ತೀರಿಹೋಗುತ್ತಿದ್ದುದರಿಂದ. ಹುಳಕ್ಕೆ ಉಸಿರಿಲ್ಲ ಎಂದರೆ ನಮಗೂ ಇಲ್ಲ. ಬಾಯಿ ತೆರೆದ ಕೂಡಲೇ ಇಳಿದು ಸತ್ತವರಿದ್ದಾರೆ. ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಡಬೇಕು. ದೀಪ ಇಳಿಬಿಟ್ಟು ನೋಡಿದರೂ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಇಲ್ಲದೆ ಇಳಿಯಬಾರದು.

11. ಹಳೆಯ ಪುಸ್ತಕಗಳ ಹತ್ತಿರ ಒದ್ದೆ ಬಟ್ಟೆ ಸುಳಿಯದಿರಲಿ

ಇಲ್ಲಿಯವರೆಗೆ ಹೊಗಳಿದ ಒದ್ದೆ ಬಟ್ಟೆ ಈ ಕೋಣೆಯಲ್ಲಿ ಅಪರಾಧಿ. ಕಾಗದ, ಓಲೆಗರಿ ಎರಡಕ್ಕೂ ತೇವವೇ ಮೃತ್ಯು. ತೇವದ ಹಿಂದೆಯೇ ಬೂಸಲು, ಗೆದ್ದಲು, ಬೆಳ್ಳಿ ಬಣ್ಣದ ಪುಸ್ತಕದ ಹುಳ. ಮೃದುವಾದ ಒಣ ಕುಂಚದಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ದೂಳು ತೆಗೆಯಬೇಕು. ಪುಸ್ತಕಗಳನ್ನು ಹೊರಗೋಡೆಗೆ ಆನಿಸಬಾರದು, ಕಪಾಟಿನಲ್ಲಿ ಬಿಗಿಯಾಗಿ ತುರುಕಬಾರದು. ಓಲೆಗರಿಗಳಿಗೆ ನಿಂಬೆಹುಲ್ಲಿನಂಥ ಎಣ್ಣೆ ಸವರಿ, ಮರದ ಪಟ್ಟಿಗಳ ನಡುವೆ ಕಟ್ಟಿ, ಬಟ್ಟೆ ಸುತ್ತಿಡುವ ರೂಢಿ ಇಂದಿಗೂ ಇದೆ.

ಈ ಜಾಗರೂಕತೆ ಏನನ್ನು ಉಳಿಸುತ್ತದೆ ಎನ್ನುವುದಕ್ಕೆ ಮೈಸೂರಿನ ಪ್ರಾಚ್ಯ ಗ್ರಂಥಾಲಯವೇ ಸಾಕ್ಷಿ. 1891ರಲ್ಲಿ ಶುರುವಾದ ಆ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಓಲೆಗರಿಯ ಕಟ್ಟೊಂದನ್ನು ಬಿಚ್ಚಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು, 1909ರಲ್ಲಿ ಅಚ್ಚಾಯಿತು. ಯಾರೋ ಉತ್ಸಾಹಿ ಅದನ್ನು ಒದ್ದೆ ಬಟ್ಟೆಯಲ್ಲಿ ಸ್ವಚ್ಛಮಾಡಿದ್ದರೆ?

12. ಸ್ವಚ್ಛತೆ ಕಲಿಯಬೇಕೆಂದರೆ ರೇಷ್ಮೆ ಹುಳದ ಮನೆಗೆ ಹೋಗಿ

ರಾಮನಗರ, ಶಿಡ್ಲಘಟ್ಟ, ಕೋಲಾರದ ಕಡೆಯ ಹುಳದ ಮನೆಯೊಳಗೆ ಕಾಲಿಟ್ಟರೆ ಪೇಟೆಯವರು ಮೂಗು ಮುಚ್ಚಬಹುದು. ಸೊಪ್ಪು, ಕಡ್ಡಿ, ಹಿಕ್ಕೆ, ಒಂಥರಾ ಹಸಿ ವಾಸನೆ. ಆದರೆ ಎಷ್ಟೋ ಮನೆಗಳ ಹಜಾರಕ್ಕಿಂತ ಅದು ಸ್ವಚ್ಛ. ಏಕೆಂದರೆ ಅಲ್ಲಿನ ರೈತನಿಗೆ ವೈರಿಗಳ ಹೆಸರೆಲ್ಲ ಗೊತ್ತು: ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟು ರೋಗ, ಊಜಿ ನೊಣ. ಒಂದು ಎಡವಟ್ಟಾದರೂ ಇಡೀ ಬೆಳೆ ತಿಪ್ಪೆಗೆ.

ಬೆಳೆ ಮುಗಿದ ಕೂಡಲೇ, ಹೊಸ ಬೆಳೆಗೆ ಮುನ್ನ ಮತ್ತೊಮ್ಮೆ, ಮನೆ ತೊಳೆದು ಸೋಂಕು ನಿವಾರಕ ಸಿಂಪಡಿಸುತ್ತಾರೆ. ಶೇ. 2ರ ಬ್ಲೀಚಿಂಗ್ ಪೌಡರನ್ನು ಶೇ. 0.3ರ ಸುಣ್ಣದ ನೀರಿನಲ್ಲಿ ಕಲಸುವುದು ರೂಢಿಯ ಅಳತೆ. ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆ, ಬಲೆ ಒಂದೂ ಬಿಡುವಂತಿಲ್ಲ. ಬಾಗಿಲಲ್ಲಿ ಕಾಲು ಅದ್ದಿ ಒಳಬರಲು ಔಷಧದ ನೀರು, ಸೊಪ್ಪು ಮುಟ್ಟುವ ಮುನ್ನ ಕೈತೊಳೆತ. ಕಿಟಕಿಗೆ ನೈಲಾನ್ ಪರದೆ, ಏಕೆಂದರೆ 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ ಹುಳದ ಮೈಮೇಲೇ ಮೊಟ್ಟೆಯಿಡುತ್ತದೆ. ಹುಳ ಜ್ವರಕ್ಕೆ ಕೂತಾಗ, ಎಂದರೆ ಪೊರೆ ಬಿಡುವ ಹೊತ್ತಿನಲ್ಲಿ, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ. ರೋಗದ ಹುಳ ಕಂಡರೆ ಕಡ್ಡಿಯಲ್ಲಿ ಎತ್ತಿ ಬ್ಲೀಚಿಂಗ್ ನೀರಿಗೆ. ಅಂಗಳಕ್ಕೆ ಎಸೆದರೆ ಕೋಳಿ ಕುಕ್ಕಿ ರೋಗವನ್ನು ಊರಿಡೀ ಹಂಚುತ್ತದೆ.

ಬೇಡವಾದವುಗಳ ಪಟ್ಟಿ ಇನ್ನೂ ಸ್ವಾರಸ್ಯ. ಊದುಬತ್ತಿ ಬೇಡ, ಸೊಳ್ಳೆಬತ್ತಿ ಬೇಡ, ಬೀಡಿ ಬೇಡ, ಸುವಾಸನೆಯ ಸ್ಪ್ರೇ ಬೇಡ. ತಂಬಾಕಿನ ಘಾಟೂ ಹುಳಕ್ಕೆ ವಿಷ. ನಮ್ಮ ಹಜಾರದಲ್ಲಿ ಶುಭ್ರವೆನಿಸುವುದು ಅಲ್ಲಿ ಕೊಲೆಪಾತಕ.

ಈ ಕಟ್ಟುನಿಟ್ಟಿನ ಬೇರು ಫ್ರಾನ್ಸಿನಲ್ಲಿದೆ. 1865ರಲ್ಲಿ ಅಲ್ಲಿನ ರೇಷ್ಮೆ ಉದ್ಯಮ ಗಂಟು ರೋಗದಿಂದ ನೆಲಕಚ್ಚಿದಾಗ ಲೂಯಿ ಪಾಸ್ತರ್ ಅಲೆಸ್ ಪಟ್ಟಣಕ್ಕೆ ಬಂದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಕಣ ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಡುವ ಪದ್ಧತಿ ಅವರದು. ರೇಷ್ಮೆ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ಇಂದಿಗೂ ನಡೆಯುತ್ತದೆ.

13. ಆಸ್ಪತ್ರೆಯಲ್ಲಿ ನೆಲಕ್ಕಿಂತ ಕೈ, ಕೈಯ ಜೊತೆ ಗಾಳಿ

ವಿಯೆನ್ನಾದ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡೊಂದರಲ್ಲಿ 1847ರ ಏಪ್ರಿಲ್‌ನಲ್ಲಿ 100ಕ್ಕೆ 18 ಬಾಣಂತಿಯರು ಜ್ವರದಿಂದ ಸತ್ತರು. ವೈದ್ಯರು ಶವ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸಲು ಬರುತ್ತಿದ್ದಾರೆಂದು ಇಗ್ನಾಜ್ ಸೆಮ್ಮೆಲ್‌ವೈಸ್ ಗುರುತಿಸಿ, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಸಿದರು. ಜೂನ್ ಹೊತ್ತಿಗೆ ಸಾವು 100ಕ್ಕೆ 2ರ ಆಸುಪಾಸಿಗೆ ಇಳಿಯಿತು. ಕೋಣೆ ಅದೇ, ಮಂಚ ಅದೇ, ಬದಲಾದದ್ದು ಕೈ. ಆಗಿನ ಹಿರಿಯ ವೈದ್ಯರು ಒಪ್ಪಲಿಲ್ಲ. ತಮ್ಮ ಕೈ ಕೊಳಕು ಎಂದು ಕೇಳುವುದು ದೊಡ್ಡವರಿಗೆ ಕಷ್ಟ.

ಇನ್ನು ಗಾಳಿ. ಒಂದೇ ಆಸ್ಪತ್ರೆಯ ಎರಡು ಕೋಣೆಗಳು ತದ್ವಿರುದ್ಧವಾಗಿರುತ್ತವೆ. ಆಪರೇಷನ್ ಥಿಯೇಟರಿನಲ್ಲಿ ಒಳಗಿನ ಒತ್ತಡ ಹೆಚ್ಚು: ಬಾಗಿಲು ತೆರೆದರೆ ಗಾಳಿ ಹೊರಕ್ಕೆ ನುಗ್ಗಬೇಕು, ಹೊರಗಿನ ಕಣ ಒಳಬರಬಾರದು. ಕ್ಷಯದಂಥ ರೋಗದವರನ್ನಿಡುವ ಪ್ರತ್ಯೇಕ ಕೋಣೆಯಲ್ಲಿ ಒತ್ತಡ ಕಡಿಮೆ: ಗಾಳಿ ಒಳಕ್ಕೆ ಬರಬೇಕು, ರೋಗಿಯ ಉಸಿರು ಪಡಸಾಲೆಗೆ ಹೋಗಬಾರದು. ಆ ಕೋಣೆಯಲ್ಲಿ ಗಂಟೆಗೆ 12 ಸಲವಾದರೂ ಗಾಳಿ ಬದಲಾಗಬೇಕು ಎನ್ನುತ್ತದೆ ನಿಯಮ. ಥಿಯೇಟರಿನಲ್ಲಿ 15ರಿಂದ 20 ಸಲ. ಇಂಥ ಯಂತ್ರವಿಲ್ಲದ ತಾಲ್ಲೂಕು ಆಸ್ಪತ್ರೆಯ ವಾರ್ಡಿನಲ್ಲಿ ಎದುರುಬದುರು ಕಿಟಕಿ ತೆರೆದಿಟ್ಟರೆ ಅದೇ ದೊಡ್ಡ ಚಿಕಿತ್ಸೆ. ಚಳಿಯೆಂದು ಮುಚ್ಚಬೇಡಿ, ರೋಗಿಗೆ ಇನ್ನೊಂದು ಕಂಬಳಿ ಕೊಡಿ.

ನೋಡಲು ಹೋಗುವವರಿಗೆ ಒಂದೇ ಮಾತು: ಮಂಚದ ಮೇಲೆ ಕೂರಬೇಡಿ, ಒಳಹೋಗುವಾಗ ಹೊರಬರುವಾಗ ಕೈ ತೊಳೆಯಿರಿ. ಸೋಪಾದರೆ 40ರಿಂದ 60 ಸೆಕೆಂಡು, ಆಲ್ಕೋಹಾಲ್ ದ್ರವವಾದರೆ 20ರಿಂದ 30. ಭೇದಿಯ ರೋಗಿಯ ಬಳಿ ಸೋಪು ನೀರೇ ಬೇಕು. ಕೆಲವು ಭೇದಿಯ ಸೂಕ್ಷ್ಮಾಣುಗಳ ಬೀಜಕಣಗಳಿಗೆ ಆಲ್ಕೋಹಾಲ್ ಲೆಕ್ಕಕ್ಕಿಲ್ಲ.

14. ಕ್ಲೀನ್ ರೂಮಿನಿಂದ ಒಂದು ಪಾಠ ಕದಿಯಿರಿ

ಬೆಂಗಳೂರಿನ ಮಾರತಹಳ್ಳಿಯ ಇಸ್ರೋ ಆವರಣದಲ್ಲಿ ಉಪಗ್ರಹಗಳನ್ನು ಜೋಡಿಸಿ ಪರೀಕ್ಷಿಸುವ ಕೋಣೆಗಳಿವೆ. ಅಲ್ಲಿನ ವೈರಿ ಕಣ. ಮಸೂರದ ಮೇಲೆ ಕೂತ ಒಂದು ಚೂರು ದೂಳನ್ನು ಕಕ್ಷೆಗೆ ಹೋಗಿ ಒರೆಸಿ ಬರುವಂತಿಲ್ಲ. ಇಂಥ ಕೋಣೆಗಳಿಗೆ ಅಂತರರಾಷ್ಟ್ರೀಯ ದರ್ಜೆಗಳಿವೆ. ಐಎಸ್‌ಒ 8ನೇ ದರ್ಜೆಯ ಕೋಣೆಯ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣ 35,20,000ಕ್ಕಿಂತ ಹೆಚ್ಚಿರಬಾರದು. 5ನೇ ದರ್ಜೆಯಲ್ಲಿ 3,520 ಮಾತ್ರ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಅಂದಾಜು ಸಿಕ್ಕೀತು.

ಹಿಂದೆ ಇಂಥ ಕೋಣೆಗಳನ್ನೂ ಒರೆಸಿ ಒರೆಸಿಯೇ ಸ್ವಚ್ಛವಿಡಲು ಹೆಣಗುತ್ತಿದ್ದರು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ವಿಲ್ಲಿಸ್ ವಿಟ್‌ಫೀಲ್ಡ್ 1960ರ ದಶಕದ ಆರಂಭದಲ್ಲಿ ಲೆಕ್ಕಾಚಾರ ಬದಲಿಸಿದರು. ಸೋಸಿದ ಗಾಳಿಯನ್ನು ಒಂದೇ ದಿಕ್ಕಿನಲ್ಲಿ, ಸುಳಿಯಿಲ್ಲದೆ, ಎಡೆಬಿಡದೆ ಹರಿಸಿದರೆ ಹುಟ್ಟಿದ ದೂಳು ಕೂರುವ ಮೊದಲೇ ಕೊಚ್ಚಿಹೋಗುತ್ತದೆ. ಆ ಗಾಳಿ ಹಾದುಬರುವ ಹೆಪಾ ಶೋಧಕ 0.3 ಮೈಕ್ರಾನಿನ ಕಣಗಳಲ್ಲಿ ಶೇ. 99.97ನ್ನು ಹಿಡಿಯುತ್ತದೆ.

ದೂಳು ಹುಟ್ಟುವುದು ಎಲ್ಲಿಂದ? ಹೆಚ್ಚಾಗಿ ನಮ್ಮಿಂದಲೇ: ಚರ್ಮ, ಕೂದಲು, ಬಟ್ಟೆಯ ನೂಲು, ಮುಖದ ಪೌಡರ್. ಅದಕ್ಕೇ ತಲೆಯಿಂದ ಕಾಲಿನವರೆಗೆ ಮುಸುಕು. ಪೆನ್ಸಿಲ್ಲೂ ನಿಷಿದ್ಧ, ಗ್ರಾಫೈಟ್ ಪುಡಿ ಉದುರುತ್ತದೆ. ಇಷ್ಟಾದರೂ ಗೆಲುವು ಪೂರ್ತಿಯಲ್ಲ. ಫ್ಲಾರಿಡಾ ಮತ್ತು ಫ್ರೆಂಚ್ ಗಯಾನಾದ ಬಾಹ್ಯಾಕಾಶ ಕೇಂದ್ರಗಳ ಕ್ಲೀನ್ ರೂಮುಗಳಲ್ಲಿ ಸಿಕ್ಕ ಹೊಸ ಬ್ಯಾಕ್ಟೀರಿಯಾ ಒಂದಕ್ಕೆ 2013ರಲ್ಲಿ ಟೆರ್ಸಿಕಾಕಸ್ ಫೀನಿಸಿಸ್ ಎಂದು ಹೆಸರಿಟ್ಟರು. ಬೇರೆಯವರೆಲ್ಲ ಸತ್ತ ಮೇಲೆ ಖಾಲಿಯಾದ ಜಾಗದಲ್ಲಿ ಅದು ನೆಮ್ಮದಿಯಾಗಿ ಸಂಸಾರ ಹೂಡಿತ್ತು.

ಮನೆಗೆ ಕದ್ದು ತರಬೇಕಾದ ಪಾಠ: ಒಳಬಂದ ಮೇಲೆ ಒರೆಸುವುದಕ್ಕಿಂತ ಬಾಗಿಲಲ್ಲೇ ತಡೆಯುವುದು ಅಗ್ಗ. ಚಪ್ಪಲಿ ಹೊರಗೆ, ಹೊಸ್ತಿಲಲ್ಲಿ ಒರಟು ಮ್ಯಾಟು, ಹೊರಗಿಂದ ಬಂದವರಿಗೆ ಕಾಲಿಗೆ ನೀರು. ಮಲೆನಾಡಿನ ಮನೆಗಳು ಜಗುಲಿಯಲ್ಲಿ ತಂಬಿಗೆ ಇಟ್ಟು ಈ ಕೆಲಸವನ್ನು ಎಂದೋ ಮಾಡುತ್ತಿದ್ದವು. ಕೋಣೆಯೊಳಗೆ ಕೆಲಸ ಮೇಲಿನಿಂದ ಕೆಳಕ್ಕೆ, ಶುಭ್ರವಾದ ಕಡೆಯಿಂದ ಕೊಳಕಿನ ಕಡೆಗೆ ಸಾಗಲಿ. ಫ್ಯಾನು ಮೊದಲು, ನೆಲ ಕೊನೆಗೆ. ಪಾಯಖಾನೆಯ ಬಟ್ಟೆಗೆ ಒಂದು ಬಣ್ಣ, ಅಡುಗೆಮನೆಯದಕ್ಕೆ ಇನ್ನೊಂದು. ಎರಡೂ ಎಂದೂ ಭೇಟಿಯಾಗಬಾರದು.

15. ತೆಗೆದ ಕೊಳೆ ಯಾರ ಕೈಗೆ ಹೋಯಿತು, ನೋಡಿ

ನಮ್ಮ ಕೋಣೆಯಿಂದ ಹೊರಬಿದ್ದ ಕಸ ಮಾಯವಾಗುವುದಿಲ್ಲ, ಪೌರಕಾರ್ಮಿಕರ ಕೈಗೆ ಹೋಗುತ್ತದೆ. ಹಸಿ, ಒಣ, ಸ್ಯಾನಿಟರಿ ಕಸವನ್ನು ಬೇರೆಬೇರೆಯಾಗಿ ವಿಂಗಡಿಸಿ ಕೊಡುವುದು ಉಪಕಾರವಲ್ಲ, ನಿಯಮ. ಹಾಗೆಯೇ ಶೌಚಗುಂಡಿಗೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಹಗೇವಿನ ಗಾಳಿಗಿಂತ ಘೋರವಾದ ಗಾಳಿ ಅಲ್ಲಿರುತ್ತದೆ. ಸಕ್ಕಿಂಗ್ ಯಂತ್ರದ ಗಾಡಿ ಕರೆಸಿ. ಕಡಿಮೆ ದುಡ್ಡಿಗೆ ಇಳಿಯುತ್ತೇನೆ ಎಂದು ಯಾರೇ ಬಂದರೂ ಒಪ್ಪಬೇಡಿ.

ಮನೆಗೆಲಸಕ್ಕೆ ಬರುವವರಿಗೆ ಬರಿಗೈಯಲ್ಲಿ ಆ್ಯಸಿಡ್ ಹಿಡಿಸಬೇಡಿ, ರಬ್ಬರ್ ಗವಸು ತಂದುಕೊಡಿ. ಪ್ಯಾಡು, ಡೈಪರುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಕಟ್ಟಿ, ಮೇಲೆ ದೊಡ್ಡ ಅಕ್ಷರದಲ್ಲಿ ಗಾಜು ಎಂದು ಬರೆದು, ಕಸದ ಗಾಡಿಯವರಿಗೆ ಬಾಯಿಬಿಟ್ಟು ಹೇಳಿಯೇ ಕೊಡಿ.